ಆರ್ಕ್ಟಿಕ್ ಮಂಕೀಸ್‌ನ ಮೊದಲ ಆಲ್ಬಂ ಕೇಳುವುದು ಹೇಗೆ: ಕೊಡಗಿನ ಗೆಳೆಯರಿಗೆ

ಆರ್ಕ್ಟಿಕ್ ಮಂಕೀಸ್ ಅನ್ನುವ ಇಂಗ್ಲೆಂಡಿನ ರಾಕ್ ಬ್ಯಾಂಡಿನ ಹೆಸರು ಗೊತ್ತಿರುವವರು ಈಗ ಮಡಿಕೇರಿಯಲ್ಲೂ ಇದ್ದಾರೆ, ಗೋಣಿಕೊಪ್ಪದಲ್ಲೂ ಇದ್ದಾರೆ. ಆದರೆ ಹೆಚ್ಚಿನವರಿಗೆ ಗೊತ್ತಿರುವುದು 2013ರ 'ಎಎಂ' ಆಲ್ಬಂನ ಒಂದೆರಡು ಹಾಡು, ಅದೂ ರೀಲ್ಸ್‌ನಲ್ಲಿ ಕೇಳಿದ ಸಣ್ಣ ತುಂಡು. ಮೊದಲ ಆಲ್ಬಂ ಪೂರ್ತಿ ಕೇಳಿದವರು ಕಡಿಮೆ. ಶುರು ಮಾಡಿದವರೂ ಎರಡನೇ ಹಾಡು ಮುಗಿಯುವಷ್ಟರಲ್ಲಿ "ಎಲ್ಲ ಒಂದೇ ಥರ ಗಲಾಟೆ" ಅಂತ ಬಿಟ್ಟಿರುತ್ತಾರೆ. ನನಗೆ ಇದು ನಿಜವಾಗಿ ಬೇಸರ. ಯಾಕೆಂದರೆ ಇದು ಸಣ್ಣ ಜಾಗದಲ್ಲಿ ಬೆಳೆದ ಹುಡುಗರು, ತಮ್ಮ ಊರಿನ ಬಗ್ಗೆ, ತಮ್ಮ ಊರಿನ ಮಾತಿನಲ್ಲೇ ಮಾಡಿದ ಆಲ್ಬಂ. ಯಾರಿಗೆ ಬೇಗ ಹಿಡಿಸಬೇಕು ಅಂದರೆ ನಮ್ಮಂಥವರಿಗೇ. ಕೇಳುವ ಕ್ರಮ ಸ್ವಲ್ಪ ಸರಿ ಮಾಡಿಕೊಂಡರೆ ಸಾಕು.

ಹೆಸರು 'ವಾಟೆವರ್ ಪೀಪಲ್ ಸೇ ಐ ಆ್ಯಮ್, ದಟ್ಸ್ ವಾಟ್ ಐಮ್ ನಾಟ್'. ಜನ ನನ್ನನ್ನು ಏನು ಅನ್ನುತ್ತಾರೋ ಅದು ನಾನಲ್ಲ ಅಂತ. ಉದ್ದ ಹೆಸರು, ಹುಡುಕುವಾಗ ಮೊದಲ ಎರಡು ಪದ ಮತ್ತು ಬ್ಯಾಂಡ್ ಹೆಸರು ಹಾಕಿದರೆ ಸಿಗುತ್ತದೆ.

ಶುರು ಮಾಡುವ ಮೊದಲು ಇಷ್ಟು ಗೊತ್ತಿರಲಿ

ಶೆಫೀಲ್ಡ್ ಉತ್ತರ ಇಂಗ್ಲೆಂಡಿನ ಉಕ್ಕಿನ ಊರು. ಅದರ ಅಂಚಿನಲ್ಲಿ ಹೈ ಗ್ರೀನ್ ಅಂತ ಒಂದು ಬಡಾವಣೆ. ಅಲ್ಲಿ 2002ರಲ್ಲಿ ಶುರುವಾದ ಬ್ಯಾಂಡ್ ಇದು. ಹಾಡು ಬರೆಯುವುದು, ಹಾಡುವುದು, ಜೊತೆಗೆ ಗಿಟಾರ್ ಅಲೆಕ್ಸ್ ಟರ್ನರ್. ಇನ್ನೊಂದು ಗಿಟಾರ್ ಜೇಮೀ ಕುಕ್. ಡ್ರಮ್ಸ್ ಮ್ಯಾಟ್ ಹೆಲ್ಡರ್ಸ್. ಈ ಆಲ್ಬಂನಲ್ಲಿ ಬೇಸ್ ಗಿಟಾರ್ ನುಡಿಸಿದ್ದು ಆಂಡಿ ನಿಕಲ್ಸನ್. 2006ರಲ್ಲೇ ಆತ ಬ್ಯಾಂಡ್ ಬಿಟ್ಟ, ನಿಕ್ ಒ'ಮ್ಯಾಲಿ ಬಂದ. ಹಾಗಾಗಿ ಈ ನಾಲ್ಕು ಜನ ಸೇರಿ ಮಾಡಿದ ಒಂದೇ ಒಂದು ಆಲ್ಬಂ ಇದು.

ಟರ್ನರ್‌ಗೂ ಕುಕ್‌ಗೂ ಗಿಟಾರ್ ಸಿಕ್ಕಿದ್ದು 2001ರ ಕ್ರಿಸ್ಮಸ್ ಹಬ್ಬಕ್ಕೆ. 2003ರ ಜೂನ್‌ನಲ್ಲಿ ಶೆಫೀಲ್ಡ್‌ನ ಗ್ರೇಪ್ಸ್ ಅನ್ನುವ ಪಬ್ಬಿನಲ್ಲಿ ಮೊದಲ ಶೋ. ಆಮೇಲೆ ಶೋಗಳಿಗೆ ಬಂದವರಿಗೆ ತಮ್ಮ ಹಾಡು ತುಂಬಿದ ಸಿಡಿಗಳನ್ನು ಪುಕ್ಕಟೆ ಹಂಚುತ್ತಿದ್ದರು. ತೆಗೆದುಕೊಂಡವರು ಅದನ್ನು ಕಂಪ್ಯೂಟರ್‌ಗೆ ಹಾಕಿ ಒಬ್ಬರಿಂದೊಬ್ಬರಿಗೆ ಕಳಿಸಿದರು. 2005ರಲ್ಲಿ ಡೊಮಿನೊ ಅನ್ನುವ ಸ್ವತಂತ್ರ ಕಂಪನಿ ಇವರನ್ನು ಸೇರಿಸಿಕೊಳ್ಳುವ ಹೊತ್ತಿಗೆ ಶೋಗೆ ಬರುವ ಜನಕ್ಕೆ ಹಾಡೆಲ್ಲ ಬಾಯಿಪಾಠ ಆಗಿತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ ಬಂದ ಮೊದಲ ದೊಡ್ಡ ಸಿಂಗಲ್ (ಆಲ್ಬಂಗೆ ಮೊದಲೇ ಬಿಡಿಯಾಗಿ ಬಂದ ಹಾಡು) ನೇರ ಬ್ರಿಟನ್‌ನ ನಂಬರ್ ಒಂದು.

ಆಲ್ಬಂ ಬಂದದ್ದು 2006ರ ಜನವರಿ 23ಕ್ಕೆ. ಒಂದೇ ವಾರದಲ್ಲಿ ಬ್ರಿಟನ್‌ನಲ್ಲಿ 3,63,735 ಪ್ರತಿ ಮಾರಾಟ ಆಯಿತು. ಅಲ್ಲಿಯವರೆಗೆ ಯಾವ ಬ್ಯಾಂಡಿನ ಮೊದಲ ಆಲ್ಬಮ್ಮೂ ಅಷ್ಟು ಬೇಗ ಮಾರಾಟ ಆಗಿರಲಿಲ್ಲ. ಆಗ ಟರ್ನರ್‌ಗೆ ಬರೀ 20 ವರ್ಷ. ಅದೇ ವರ್ಷ, ಬ್ರಿಟನ್‌ನಲ್ಲಿ ವರ್ಷದ ಒಳ್ಳೆಯ ಆಲ್ಬಂಗೆ ಕೊಡುವ ಮರ್ಕ್ಯುರಿ ಪ್ರಶಸ್ತಿಯೂ ಬಂತು. ಬಹುತೇಕ ಹಾಡುಗಳ ಪ್ರೊಡ್ಯೂಸರ್ ಜಿಮ್ ಆಬಿಸ್, ರೆಕಾರ್ಡಿಂಗ್ ಲಿಂಕನ್‌ಶೈರ್‌ನ ಹಳ್ಳಿ ಕಡೆಯ ಚಾಪೆಲ್ ಸ್ಟುಡಿಯೋದಲ್ಲಿ. ಜಾಸ್ತಿ ಅಲಂಕಾರ ಇಲ್ಲ. ನಾಲ್ಕು ಹುಡುಗರು ಒಂದು ಕೋಣೆಯಲ್ಲಿ ನಿಂತು ಬಾರಿಸಿದ ಹಾಗೆಯೇ ಕೇಳಿಸುತ್ತದೆ. ಅದೇ ಇದರ ಚೆಂದ.

ಆಲ್ಬಂ ಹೆಸರು ಬಂದದ್ದು ಅಲನ್ ಸಿಲ್ಲಿಟೋ ಅವರ 1958ರ ಕಾದಂಬರಿ 'ಸ್ಯಾಟರ್ಡೇ ನೈಟ್ ಅಂಡ್ ಸಂಡೇ ಮಾರ್ನಿಂಗ್'ನ ಮಾತಿನಿಂದ. ವಾರವೆಲ್ಲ ಫ್ಯಾಕ್ಟರಿಯಲ್ಲಿ ದುಡಿದು ಶನಿವಾರ ರಾತ್ರಿಗೆ ಕಾಯುವ ಹುಡುಗನ ಕಥೆ ಅದು. ಈ ಒಂದು ಸಂಗತಿ ತಲೆಯಲ್ಲಿ ಇಟ್ಟುಕೊಂಡರೆ ಆಲ್ಬಂನ ಅರ್ಧ ಬಾಗಿಲು ತೆರೆದ ಹಾಗೆ.

ತಯಾರಿ

ಮೊದಲ ಕೆಲಸ, ಪೂರ್ತಿ ಆಲ್ಬಂ ಡೌನ್‌ಲೋಡ್ ಮಾಡಿಕೊಳ್ಳಿ. ಕಕ್ಕಡ ತಿಂಗಳ ಮಳೆಯಲ್ಲಿ ನೆಟ್‌ವರ್ಕ್ ನಂಬಿ ಕೂತರೆ ಆರನೇ ಹಾಡಿನ ಮಧ್ಯದಲ್ಲಿ ಚಕ್ರ ತಿರುಗುತ್ತಾ ಕೂರುತ್ತದೆ. ಮರ ಬಿದ್ದು ಕರೆಂಟ್ ಹೋದರೆ ಎಷ್ಟೋ ಕಡೆ ಟವರ್ ಕೂಡ ಸ್ವಲ್ಪ ಹೊತ್ತಿಗೆ ಸತ್ತೇ ಹೋಗುತ್ತದೆ. ಮಡಿಕೇರಿಗೋ ವಿರಾಜಪೇಟೆಗೋ ಹೋದಾಗ, ಒಳ್ಳೆಯ ಸಿಗ್ನಲ್ ಇರುವಾಗ ಇಳಿಸಿಕೊಂಡು ಬಿಡಿ. ಬ್ಲೂಟೂತ್ ಸ್ಪೀಕರ್ ಇದ್ದರೆ ಕರೆಂಟ್ ಇರುವಾಗಲೇ ಚಾರ್ಜ್ ತುಂಬಿಸಿಡಿ.

ಇಳಿಸಿದ್ದರಲ್ಲಿ 13 ಹಾಡು ಇದೆಯಾ ನೋಡಿ. ಒಟ್ಟು ಸುಮಾರು 41 ನಿಮಿಷ. 'ದಿ ವ್ಯೂ ಫ್ರಮ್ ದಿ ಆಫ್ಟರ್‌ನೂನ್' ಮೊದಲು, 'ಎ ಸರ್ಟನ್ ರೊಮ್ಯಾನ್ಸ್' ಕೊನೆಗೆ. ಯಾರೋ ಸೇರಿಸಿದ ಪ್ಲೇಲಿಸ್ಟ್ ಬೇಡ, ಆಲ್ಬಂ ಪುಟದಿಂದಲೇ ಹಾಕಿ. ಶಫಲ್ ಆಫ್ ಮಾಡಿ. ಇದನ್ನು ಎರಡು ಸಲ ಹೇಳಿದರೂ ತಪ್ಪಿಲ್ಲ: ಶಫಲ್ ಆಫ್ ಮಾಡಿ. ಹಾಡಿನ ಬಾಲಕ್ಕೆ ಮುಂದಿನ ಹಾಡಿನ ತಲೆ ಅಂಟಿಸುವ ಕ್ರಾಸ್‌ಫೇಡ್ ಆಯ್ಕೆ ಇದ್ದರೆ ಅದನ್ನೂ ತೆಗೆಯಿರಿ. ಕೊನೆಯ ಹಾಡು ಮುಗಿದ ಮೇಲೆ ಆ್ಯಪ್ ತಾನಾಗಿ ಬೇರೆ ಏನೋ ಹಾಕುತ್ತದೆ ಅಲ್ವಾ, ಆ ಆಟೋಪ್ಲೇ ಕೂಡ ಬೇಡ. ಈ ಆಲ್ಬಂ ಮುಗಿದ ಮೇಲೆ ಒಂದೆರಡು ನಿಮಿಷ ಸುಮ್ಮನೆ ಇರಬೇಕು ಅನ್ನಿಸುತ್ತದೆ, ಅಷ್ಟರಲ್ಲಿ ಬೇರೆ ಯಾರದೋ ದನಿ ಕೇಳಿದರೆ ಸಿಟ್ಟು ಬರುತ್ತದೆ.

ಇನ್ನು ಸೌಂಡ್. ಇದು ತುಂಬ ಜೋರಾಗಿ ಮಾಸ್ಟರ್ ಆದ ಆಲ್ಬಂ. ಸಣ್ಣ ದನಿಗೂ ದೊಡ್ಡ ದನಿಗೂ ನಡುವೆ ಅಂತರ ಕಡಿಮೆ. ಹಾಗಾಗಿ ಬೇರೆ ಹಾಡಿಗೆ ಇಡುವ ವಾಲ್ಯೂಮ್‌ನಲ್ಲಿ ಶುರು ಮಾಡಿದರೆ ಮೊದಲ ಹಾಡಿನಲ್ಲೇ ಕಿವಿ ದಣಿಯುತ್ತದೆ. "ಬರೀ ಗಲಾಟೆ" ಅನ್ನಿಸುವುದಕ್ಕೆ ಅರ್ಧ ಕಾರಣ ಇದೇ ಅಂತ ನನ್ನ ನಂಬಿಕೆ. ಎರಡು ಮೂರು ಗೆರೆ ಕಡಿಮೆ ಇಡಿ. ಈಕ್ವಲೈಜರ್ ಇದ್ದರೆ ಟ್ರೆಬಲ್ ಸ್ವಲ್ಪ ಇಳಿಸಿ. ಬೇಸ್ ಬೂಸ್ಟ್ ಬೇಡ, ನಿಕಲ್ಸನ್‌ನ ಬೇಸ್ ಇದ್ದ ಹಾಗೇ ದಪ್ಪ ಇದೆ.

ಫೋನಿನ ಸ್ಪೀಕರ್‌ನಲ್ಲಿ ಮಾತ್ರ ಕೇಳಬೇಡಿ. ಬೇಸ್ ಪೂರ್ತಿ ಮಾಯ ಆಗಿ ಬರೀ ತಗಡಿನ ಸದ್ದು ಉಳಿಯುತ್ತದೆ. ಮಳೆ ಜೋರಾಗಿ, ಮನೆಗೆ ಶೀಟಿನ ಮಾಡಾಗಿದ್ದರೆ ಸ್ಪೀಕರ್ ಕೂಡ ಉಪಯೋಗ ಇಲ್ಲ, ಕಿವಿ ಮುಚ್ಚುವ ಹೆಡ್‌ಫೋನ್ ಬೇಕು. ಹೆಂಚಿನ ಮಾಡಿನ ಕೆಳಗೆ, ಮರದ ಅಟ್ಟ ಇರುವ ಕೋಣೆಯಲ್ಲಿ ಸಣ್ಣ ಸ್ಪೀಕರ್ ಸಾಕು. ಗೋಡೆಯ ಮೂಲೆಗೆ ಹತ್ತಿರ ಇಟ್ಟರೆ ಬೇಸ್ ಇನ್ನೂ ಸ್ವಲ್ಪ ತುಂಬಿಕೊಂಡು ಬರುತ್ತದೆ.

ಒಂದು ಮಾತು ಗಂಭೀರವಾಗಿ ಹೇಳುತ್ತೇನೆ. ತೋಟದಲ್ಲಿ ನಡೆಯುತ್ತಾ ಕೇಳುವ ಅಭ್ಯಾಸ ಇದ್ದರೆ ಎರಡೂ ಕಿವಿಗೆ ಇಯರ್‌ಫೋನ್ ಹಾಕಬೇಡಿ. ಸಿದ್ದಾಪುರ, ಪಾಲಿಬೆಟ್ಟ, ತಿತಿಮತಿ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಆನೆ ಕಾಫಿ ಗಿಡದ ನಡುವೆ ನಿಂತಿದ್ದರೆ ಮೊದಲು ಗೊತ್ತಾಗುವುದು ಕೊಂಬೆ ಮುರಿಯುವ ಸದ್ದಿನಿಂದ. ಈ ಆಲ್ಬಂಗೆ ಕೂತು ಕೇಳುವ ಜಾಗವೇ ಸರಿ.

ಮೊದಲ ಸಲ ಮಾತು ಹುಡುಕಬೇಡಿ

ಟರ್ನರ್ ಇಲ್ಲಿ ಶುದ್ಧ ಶೆಫೀಲ್ಡ್ ಉಚ್ಚಾರದಲ್ಲಿ, ಭಾರೀ ವೇಗದಲ್ಲಿ ಹಾಡುತ್ತಾನೆ. ಇಂಗ್ಲಿಷ್ ಚೆನ್ನಾಗಿ ಬರುವವರಿಗೂ ಮೊದಲ ಸಲ ಅರ್ಧ ಮಾತು ಹಿಡಿಯುವುದಿಲ್ಲ. ಚಿಂತೆ ಬೇಡ. ಮೊದಲ ಸಲ ಡ್ರಮ್ಸ್ ಹಿಂದೆ ಹೋಗಿ. ಶುರುವಿನಲ್ಲೇ ಹೆಲ್ಡರ್ಸ್ ಬಾಗಿಲು ಒದ್ದು ಒಳಗೆ ಬಂದ ಹಾಗೆ ಬಾರಿಸುತ್ತಾನೆ. ಆ ಹಾಡಿನಲ್ಲಿ ಒಂದೆರಡು ಕಡೆ ಎಲ್ಲ ನಿಂತು ಮತ್ತೆ ಶುರುವಾಗುತ್ತದೆ. ಹಾಡು ಮುಗಿಯಿತು ಅಂದುಕೊಂಡು ಫೋನ್ ಕೈಗೆ ತೆಗೆದುಕೊಳ್ಳಬೇಡಿ.

ಎರಡನೇ ಸಲ ಎರಡು ಗಿಟಾರ್‌ಗಳನ್ನು ಬೇರೆ ಬೇರೆ ಮಾಡಿ ಕೇಳಿ. ಒಂದು ಚಿಕ್ಕ ಚಿಕ್ಕ ಪೆಟ್ಟು ಕೊಡುತ್ತಾ ಹೋಗುತ್ತದೆ, ಇನ್ನೊಂದು ಅದರ ಮೇಲೆ ರಾಗ ಹೆಣೆಯುತ್ತದೆ. ಎರಡೂ ಒಂದೇ ಸಲ ಸೇರಿ ಗುದ್ದುವ ಜಾಗಗಳು ಬರುತ್ತವೆ, ಆಗ ಮೈ ಜುಮ್ಮೆನ್ನುತ್ತದೆ. ಮೂರನೇ ಸಲಕ್ಕೆ ಸಾಹಿತ್ಯ ಎದುರಿಗೆ ಇಟ್ಟುಕೊಳ್ಳಿ. ಹೆಚ್ಚಿನ ಆ್ಯಪ್‌ಗಳಲ್ಲಿ ಈಗ ಹಾಡಿನ ಜೊತೆಗೆ ಮಾತು ಓಡುತ್ತದೆ. ಆದರೆ ಓಡುವ ಅಕ್ಷರದ ಹಿಂದೆ ಬಿದ್ದರೆ ಹಾಡು ತಪ್ಪಿ ಹೋಗುತ್ತದೆ, ಅದಕ್ಕೇ ಮೊದಲೇ ಒಂದು ಸಲ ಸುಮ್ನೆ ಓದಿಕೊಳ್ಳಿ, ಕಥೆ ಓದಿದ ಹಾಗೆ. ಬೈಗುಳ ಅಲ್ಲಲ್ಲಿ ಇದೆ, ಮಕ್ಕಳು ಪಕ್ಕದಲ್ಲಿದ್ದರೆ ನೋಡಿಕೊಳ್ಳಿ.

ಅರ್ಥ ಆಗದ ಊರಿನ ಹೆಸರುಗಳು ಬರುತ್ತವೆ. ಹಂಟರ್ಸ್ ಬಾರ್ ಶೆಫೀಲ್ಡ್‌ನ ಒಂದು ಜಾಗ. ರಾದರಮ್ ಪಕ್ಕದ ಊರು. ಒಮ್ಮೆ ಮ್ಯಾಪ್ ತೆಗೆದು ನೋಡಿ. ಹಾಡು ಬರೆದವರು ಲಂಡನ್ನಿನವರಿಗೆ ತಿಳಿಯಲಿ ಅಂತ ಈ ಹೆಸರುಗಳನ್ನು ಬದಲಾಯಿಸಲಿಲ್ಲ. ತಿಳಿಯದವರು ಹುಡುಕಿಕೊಳ್ಳಲಿ ಅಂತ ಬಿಟ್ಟರು. ನನಗೆ ಈ ಧೈರ್ಯ ತುಂಬ ಇಷ್ಟ.

ಒಂದು ರಾತ್ರಿ ಅಂತ ಕೇಳಿ

ಇಲ್ಲಿಂದ ಆಲ್ಬಂ ನಿಜವಾಗಿ ತೆರೆದುಕೊಳ್ಳುತ್ತದೆ. ಹದಿಮೂರು ಬೇರೆ ಬೇರೆ ಹಾಡು ಅಂತ ತೆಗೆದುಕೊಳ್ಳದೆ ಒಂದು ವಾರಾಂತ್ಯದ ರಾತ್ರಿ ಅಂತ ತೆಗೆದುಕೊಳ್ಳಿ. ಮಡಿಕೇರಿ ದಸರೆಯ ದಶಮಂಟಪದ ರಾತ್ರಿ ನೆನಪು ಮಾಡಿಕೊಳ್ಳಿ. ಮಧ್ಯಾಹ್ನದಿಂದಲೇ ಹುರುಪು, ಯಾರು ಬರುತ್ತಾರೆ, ಎಲ್ಲಿ ಸೇರುವುದು ಅಂತ ಫೋನ್ ಮೇಲೆ ಫೋನ್. ಆಮೇಲೆ ಜನಜಂಗುಳಿ, ಬೆಳಕು, ಕುಣಿತ, ಎಲ್ಲೋ ಒಂದು ಕಡೆ ತಳ್ಳಾಟ, ಪೊಲೀಸರ ಲಾಠಿ, ಗುಂಪಿನಲ್ಲಿ ಕಳೆದುಹೋದ ಗೆಳೆಯ, ಮನೆಗೆ ಹೋಗಲು ಗಾಡಿ ಸಿಗದೆ ನಿಲ್ಲುವುದು, ಕೊನೆಗೆ ಬೆಳಗಾದಾಗ ನಿದ್ದೆಗಣ್ಣಿನಲ್ಲಿ ನಿನ್ನೆ ಆಡಿದ್ದೆಲ್ಲ ಬೇರೆಯೇ ಅನ್ನಿಸುವುದು. ಇದನ್ನು ಅನುಭವಿಸಿದವರಿಗೆ ಈ ಆಲ್ಬಂ ಕೈ ಹಿಡಿದು ಕರೆದುಕೊಂಡು ಹೋಗುತ್ತದೆ.

ಮೊದಲ ಹಾಡು ಸಂಜೆಗೆ ಮುಂಚಿನದು. ಇವತ್ತು ರಾತ್ರಿ ಏನೋ ಆಗುತ್ತದೆ ಅನ್ನುವ ಆಸೆ, ಅಷ್ಟು ಆಸೆ ಇಟ್ಟರೆ ನಿರಾಸೆಯೂ ಬರುತ್ತದೆ ಅನ್ನುವ ಅರಿವು, ಎರಡೂ ಒಟ್ಟಿಗೆ. ಎರಡನೆಯದು 'ಐ ಬೆಟ್ ಯು ಲುಕ್ ಗುಡ್ ಆನ್ ದಿ ಡ್ಯಾನ್ಸ್‌ಫ್ಲೋರ್'. ಎಲ್ಲರಿಗೂ ಗೊತ್ತಿರುವ ಹಾಡು, ನಂಬರ್ ಒಂದು ಆಗಿದ್ದು ಇದೇ. ಮೂರು ನಿಮಿಷಕ್ಕೂ ಕಡಿಮೆ. ಉಸಿರು ಬಿಡಲು ಜಾಗ ಇಲ್ಲ. ಮೂರನೆಯದು 'ಫೇಕ್ ಟೇಲ್ಸ್ ಆಫ್ ಸ್ಯಾನ್ ಫ್ರಾನ್ಸಿಸ್ಕೊ', ನನಗೆ ತುಂಬ ಮುಖ್ಯವಾದ ಹಾಡು. ವೇದಿಕೆ ಮೇಲೆ ಒಂದು ಬ್ಯಾಂಡ್ ನಿಂತಿದೆ. ಹುಡುಗರು ಇಂಗ್ಲೆಂಡಿನ ಸಣ್ಣ ಊರಿನವರೇ, ಆದರೆ ಅಮೆರಿಕದಿಂದ ಬಂದವರ ಹಾಗೆ ಮಾತು, ಅಮೆರಿಕದ ಊರುಗಳ ಹೆಸರು. ಕೇಳುತ್ತಾ ನಿಂತವನಿಗೆ ಸಹಿಸಲು ಆಗುವುದಿಲ್ಲ. ನೀನು ಎಲ್ಲಿಯವನೋ ಅಲ್ಲಿಯದನ್ನು ಹಾಡು ಅನ್ನುತ್ತಾನೆ. ಪೂರ್ತಿ ಆಲ್ಬಂನ ನಿಲುವು ಈ ಒಂದು ಹಾಡಿನಲ್ಲಿದೆ.

ನಾಲ್ಕು, ಐದು, ಆರು ಕುಣಿಯುವ ಜಾಗದ ಹಾಡುಗಳು. ಯಾರೋ ಇಷ್ಟ ಆಗಿದ್ದಾರೆ, ಹತ್ತಿರ ಹೋಗಲು ಕಾಲು ಬರುತ್ತಿಲ್ಲ. ಬೆಳಕು ಕಣ್ಣಿಗೆ ಹೊಡೆಯುತ್ತಿದೆ. ಇವು ಬೇಗ ಬೇಗ ಹೋಗುತ್ತವೆ. ಐದನೆಯದಂತೂ ಎರಡು ನಿಮಿಷದ ಆಚೀಚೆ.

ಆಮೇಲೆ 'ರಯಟ್ ವ್ಯಾನ್'. ಇಲ್ಲಿಯವರೆಗೆ ಓಡುತ್ತಿದ್ದ ಆಲ್ಬಂ ಇದ್ದಕ್ಕಿದ್ದ ಹಾಗೆ ಮೆಲ್ಲಗಾಗುತ್ತದೆ. ಬೀದಿಯಲ್ಲಿ ಕುಡಿದ ಹುಡುಗರು, ಪೊಲೀಸ್ ವ್ಯಾನ್, ಎದುರು ಮಾತು, ಕೊನೆಗೆ ಏಟು. ಹೇಳುವ ದನಿ ಮಾತ್ರ ಮಲಗುವ ಹೊತ್ತಿನ ಹಾಡಿನಷ್ಟು ಮೃದು. ಇಲ್ಲಿ ವಾಲ್ಯೂಮ್ ಏರಿಸಬೇಡಿ, ಮುಂದಿನ ಹಾಡು ಮತ್ತೆ ಜೋರು. ಆ ಎಂಟನೆಯದು ಬಾಡಿಗೆ ಕಾರಿನ ಹಾಡು. ಆರು ಜನ ಹತ್ತಲು ಬಿಡುತ್ತೀರಾ ಅಂತ ಡ್ರೈವರ್‌ನ ಹತ್ತಿರ ಕೇಳುವುದು, ಸಾಲಿನಲ್ಲಿ ಆದ ಜಗಳ, ಬಾಗಿಲು ಲಾಕ್ ಆಗಿದೆ ಅಂತ ತೋರಿಸುವ ಕೆಂಪು ದೀಪ. ಕೊನೆ ಬಸ್ಸು ತಪ್ಪಿಸಿಕೊಂಡು ಜೀಪಿಗೆ ಜೋತು ಬಿದ್ದು ಮನೆ ಸೇರಿದವರು ಯಾರಾದರೂ ಇದನ್ನು ಕೇಳಿ ನಗದೆ ಇರಲು ಆಗುವುದಿಲ್ಲ.

ಒಂಬತ್ತು, 'ಮಾರ್ಡಿ ಬಮ್'. ಮುನಿಸಿಕೊಂಡು ಮುಖ ಊದಿಸಿಕೊಂಡ ಹುಡುಗಿ, ತಡವಾಗಿ ಬಂದದ್ದಕ್ಕೆ ಬೈಸಿಕೊಳ್ಳುವ ಹುಡುಗ. ಅಡುಗೆಮನೆಯಲ್ಲಿ ತಬ್ಬಿಕೊಂಡದ್ದು ನೆನಪಿದೆಯಾ ಅಂತ ಕೇಳುತ್ತಾನೆ. ಇದಕ್ಕಿಂತ ಸಹಜವಾದ ಪ್ರೀತಿಯ ಹಾಡನ್ನು ಆ ವಯಸ್ಸಿನವರು ಬರೆದದ್ದು ನಾನು ಜಾಸ್ತಿ ಕೇಳಿಲ್ಲ. ಹತ್ತನೆಯದು, ಬೆನ್ನಿಗೆ ನಿಂತವರ ಹಾಗೆ ನಟಿಸಿ ಒಳಗೊಳಗೆ "ಇವರು ಉದ್ಧಾರ ಆಗಲ್ಲ" ಅಂದುಕೊಳ್ಳುವವರ ಮೇಲಿನ ಸಿಟ್ಟು. ನನಗೆ ಆಲ್ಬಂನಲ್ಲಿ ಸ್ವಲ್ಪ ಕಡಿಮೆ ಹಿಡಿಸಿದ್ದು ಇದೊಂದೇ, ಆದರೂ ದಾಟಿಸಬೇಡಿ. ಇದರ ಗದ್ದಲ ಮುಗಿದ ಮೇಲೆ ಬರುವ ಆ ಒಂಟಿ ದನಿಗೆ ಇದು ಬೇಕು.

ಒಂಟಿ ದನಿ ಅಂದರೆ 'ವೆನ್ ದಿ ಸನ್ ಗೋಸ್ ಡೌನ್'. ಮೊದಲು ಬರೀ ಟರ್ನರ್, ಒಂದು ಗಿಟಾರ್. ಶೆಫೀಲ್ಡ್‌ನ ನೀಪ್‌ಸೆಂಡ್ ಅನ್ನುವ ಕಡೆಯ ಬೀದಿ, ರಾತ್ರಿ ನಿಂತ ಹೆಣ್ಣು, ಅವಳನ್ನು ದುಡಿಸಿಕೊಳ್ಳುವ ನೀಚ ಗಂಡಸು. ಆಮೇಲೆ ಬ್ಯಾಂಡ್ ಒಮ್ಮೆಲೇ ಸ್ಫೋಟ ಆಗುತ್ತದೆ. ಇದು 2006ರ ಜನವರಿಯಲ್ಲಿ ನಂಬರ್ ಒಂದು ಆಯಿತು. ಇಂಥ ಕಷ್ಟದ ವಿಷಯ ಇಟ್ಟುಕೊಂಡು ನಂಬರ್ ಒಂದು! ಹನ್ನೆರಡನೆಯದು ಕ್ಲಬ್ಬಿನ ಬಾಗಿಲಲ್ಲಿ ನಿಂತು ಒಳಗೆ ಬಿಡದ ಬೌನ್ಸರ್‌ಗಳದು, ನಂತರ ಬೆಳಗಿನದು. ಗಡಿಯಾರ ಹಿಡಿದು ಲೆಕ್ಕ ಹಾಕಿದರೆ ರಾತ್ರಿಯ ಕ್ರಮ ಸರಿಯಾಗಿ ಕೂಡುವುದಿಲ್ಲ, ಇಲ್ಲಿ ಮತ್ತೆ ಬಾಗಿಲಿಗೆ ವಾಪಸ್ ಬಂದ ಹಾಗಿದೆ. ಪರವಾಗಿಲ್ಲ. ನೆನಪು ಕೂಡ ಹಾಗೇ ಬರುವುದು.

ಕೊನೆಯ ಹಾಡು 'ಎ ಸರ್ಟನ್ ರೊಮ್ಯಾನ್ಸ್'. ಐದೂವರೆ ನಿಮಿಷ, ಆಲ್ಬಂನಲ್ಲೇ ಉದ್ದ. ಡ್ರಮ್ಸ್ ಗುಡುಗಿ ಶುರುವಾಗಿ, ಆಮೇಲೆ ಹಗುರಾಗಿ ತೂಗುತ್ತದೆ. ಊರಿನ ಪುಂಡ ಹುಡುಗರನ್ನು ನೋಡಿ ಮೊದಲು ಬೈಯುತ್ತಾನೆ. ಅವರ ಶೂ, ಅವರ ರಿಂಗ್‌ಟೋನ್, ಅವರ ಹೊಡೆದಾಟ, ಇಲ್ಲಿ ಚೆಂದ ಅನ್ನುವುದು ಏನೂ ಉಳಿದಿಲ್ಲ ಅಂತ. ಆಮೇಲೆ ಅದೇ ಗುಂಪಿನಲ್ಲಿ ತನ್ನ ಗೆಳೆಯರೂ ಇದ್ದಾರೆ ಅಂತ ನೋಡುತ್ತಾನೆ. ಅವರು ಗೆರೆ ದಾಟಿದರೂ ಅದೇ ಸಿಟ್ಟು ಬರುವುದಿಲ್ಲ ಅನ್ನುತ್ತಾನೆ. ಅಷ್ಟು ಹೇಳಿ ಮಾತು ನಿಲ್ಲಿಸಿ ಗಿಟಾರ್‌ಗೆ ಬಿಡುತ್ತಾನೆ. ಊರು ಬಿಟ್ಟು ಬೆಂಗಳೂರಿಗೆ ಹೋದವರು, ಊರಲ್ಲೇ ಉಳಿದವರು, ಇಬ್ಬರೂ ಈ ಹಾಡನ್ನು ಕೇಳಬೇಕು. ಊರಿನ ಮೇಲೆ ಸಿಟ್ಟೂ ಇರುತ್ತದೆ, ಬೇರೆಯವರು ಬೈದರೆ ಸಹಿಸಲೂ ಆಗುವುದಿಲ್ಲ. ಇಪ್ಪತ್ತರ ಒಳಗಿನ ಹುಡುಗ ಇದನ್ನು ಇಷ್ಟು ಸ್ಪಷ್ಟವಾಗಿ ಕಂಡದ್ದು ನನಗೆ ಇವತ್ತಿಗೂ ಆಶ್ಚರ್ಯ.

ಗಾಡಿಯಲ್ಲಿ ಕೇಳುವುದಾದರೆ

ಮಡಿಕೇರಿಯಿಂದ ಕುಶಾಲನಗರಕ್ಕೆ ಸುಮಾರು 30 ಕಿಲೋಮೀಟರ್. ಟ್ರಾಫಿಕ್ ಜಾಸ್ತಿ ಇಲ್ಲದ ದಿನ ಆಲ್ಬಂನ ಉದ್ದಕ್ಕೆ ಹೆಚ್ಚು ಕಡಿಮೆ ಸರಿ ಹೊಂದುವ ದಾರಿ. ಮಡಿಕೇರಿ ಬಿಡುವಾಗ ಶುರು ಮಾಡಿ. ಇಳಿಜಾರು, ತಿರುವು, ಮಂಜು ಇರುವ ಮೊದಲ ಭಾಗದಲ್ಲಿ ವೇಗದ ಹಾಡುಗಳು ಬರುತ್ತವೆ, ಹಾಡಿನ ವೇಗಕ್ಕೆ ಆಕ್ಸಿಲರೇಟರ್ ಒತ್ತಬೇಡಿ ಅಷ್ಟೇ. ಸುಂಟಿಕೊಪ್ಪದ ಆಚೀಚೆ 'ರಯಟ್ ವ್ಯಾನ್' ಬರಬಹುದು. ಆನೆಕಾಡಿನ ಮರಗಳ ನಡುವೆ, ಸಂಜೆ ಹೊತ್ತಲ್ಲಿ, 'ವೆನ್ ದಿ ಸನ್ ಗೋಸ್ ಡೌನ್' ಶುರುವಾದರೆ ಅದೃಷ್ಟ. ಗುಡ್ಡೆಹೊಸೂರು ದಾಟಿ ಕುಶಾಲನಗರದ ಬಯಲಿಗೆ ಇಳಿಯುವಾಗ ಕೊನೆಯ ಹಾಡಿನ ಗಿಟಾರ್. ಮಳೆಗಾಲದಲ್ಲಿ ಕಿಟಕಿ ಮುಚ್ಚಿರುತ್ತದೆ, ಹಾರ್ನ್ ಕೇಳುವಷ್ಟು ವಾಲ್ಯೂಮ್ ಮಾತ್ರ ಇಡಿ. ಬೈಕಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳುವುದು ಬೇಡವೇ ಬೇಡ.

ಬೇರೆಯವರಿಗೆ ಹಿಡಿಸುವುದು ಹೇಗೆ

ಇಷ್ಟ ಆದದ್ದನ್ನು ನಾಲ್ಕು ಜನಕ್ಕೆ ಕೇಳಿಸಬೇಕು ಅನ್ನಿಸುತ್ತದೆ. ಅನ್ನಿಸಲೇಬೇಕು. ಈ ಬ್ಯಾಂಡ್ ದೊಡ್ಡದಾಗಿದ್ದೇ ಒಬ್ಬರು ಇನ್ನೊಬ್ಬರಿಗೆ ಸಿಡಿ ಕೊಟ್ಟದ್ದರಿಂದ. ಆದರೆ ಎಲ್ಲರಿಗೂ ಒಂದೇ ಹಾಡಿನಿಂದ ಶುರು ಮಾಡಬೇಡಿ.

ಮದುವೆ ಮನೆಯಲ್ಲಿ ವಾಲಗ ಶುರುವಾದ ಕೂಡಲೇ ಊಟ ಬಿಟ್ಟು ಎದ್ದು ಕುಣಿಯುವ ಅತ್ತೆ ಮಗ ಇರುತ್ತಾನಲ್ಲ, ಅವನಿಗೆ ಎರಡನೇ ಹಾಡು ಸಾಕು, ವಿವರಣೆ ಬೇಡ. ಸಿನಿಮಾ ಹಾಡು ಮಾತ್ರ ಕೇಳುವ ಅಕ್ಕನಿಗೆ 'ಮಾರ್ಡಿ ಬಮ್' ಕೊಡಿ, ಕಥೆಯನ್ನು ಮೊದಲು ಎರಡು ಮಾತಲ್ಲಿ ಹೇಳಿ. ಹಳೆಯ ರಾಕ್ ಕೇಳಿ ಬೆಳೆದ ದೊಡ್ಡಪ್ಪನಂಥವರು ಕೊಡಗಿನಲ್ಲಿ ಎಷ್ಟೋ ಜನ ಇದ್ದಾರೆ. ಅವರ ಎದುರು ಇದನ್ನು ಎಲ್ಲರಿಗಿಂತ ದೊಡ್ಡ ಬ್ಯಾಂಡ್ ಅಂತ ವಾದಿಸಲು ಹೋಗಬೇಡಿ. "ದೊಡ್ಡಪ್ಪ, ಈ ಡ್ರಮ್ಸ್ ಒಂದು ಸಲ ಕೇಳಿ" ಅಂತ ಮೊದಲ ಹಾಡು ಹಾಕಿ ಸುಮ್ಮನಿರಿ. ಅವರೇ ಮುಂದಿನದು ಕೇಳುತ್ತಾರೆ. ಕವಿತೆ ಓದುವ ಗೆಳತಿಗೆ ನೇರ ಕೊನೆಯ ಹಾಡು.

ಗೆಳೆಯರನ್ನು ಕೂರಿಸಿ ಪೂರ್ತಿ ಆಲ್ಬಂ ಹಾಕುವುದಾದರೆ ಊಟಕ್ಕೆ ಮುಂಚೆ ಹಾಕಿ. ಕಡಂಬುಟ್ಟು, ಪಂದಿ ಕರಿ ಎಲೆಗೆ ಬಿದ್ದ ಮೇಲೆ ಯಾರ ಗಮನವೂ ಹಾಡಿನ ಕಡೆ ಇರುವುದಿಲ್ಲ, ಇರಲೂಬಾರದು. ಹಾಡಿನ ನಡುವೆ ನೀವು ಮಾತಾಡಬೇಡಿ. "ಈಗ ನೋಡು, ಈಗ ಬರುತ್ತೆ" ಅಂತ ಹೇಳುವ ಆಸೆ ತಡೆದುಕೊಳ್ಳಿ, ಬಂದಾಗ ಅವರಿಗೇ ಗೊತ್ತಾಗಲಿ.

ಕಾಫಿ ಕುಯ್ಲಿನ ಕಾಲದಲ್ಲಿ, ಕಣದಲ್ಲಿ ರಾತ್ರಿ ಕಾವಲು ಕೂರುವವರಿಗೂ ಇದು ಒಳ್ಳೆಯ ಜೊತೆ. ಆಲ್ಬಂ ಬಂದದ್ದೂ ಜನವರಿಯಲ್ಲೇ.

ನುಡಿಸಲು ಆಸೆ ಇದ್ದರೆ

ಗಿಟಾರ್ ಕಲಿಯುತ್ತಿರುವವರು ಈ ಆಲ್ಬಂ ಹಿಡಿಯಲೇಬೇಕು. ಇಲ್ಲಿ ಬೆರಳಿನ ಕಸರತ್ತಿಗಿಂತ ಬಲಗೈಯ ತಾಳ ಮುಖ್ಯ. ತಂತಿ ಮೇಲೆ ಅಂಗೈ ಒತ್ತಿ ದನಿ ಕಟ್ಟಿ ಹಾಕುವುದು, ಪೆಟ್ಟು ಕೊಟ್ಟ ತಕ್ಷಣ ನಿಲ್ಲಿಸುವುದು, ಇದೇ ಅರ್ಧ ವಿದ್ಯೆ. ಮರದ ಗಿಟಾರ್ ಮಾತ್ರ ಇದ್ದರೆ 'ಮಾರ್ಡಿ ಬಮ್' ಮತ್ತು 'ರಯಟ್ ವ್ಯಾನ್'ನಿಂದ ಶುರು ಮಾಡಿ. ಎಲೆಕ್ಟ್ರಿಕ್ ಇದ್ದರೆ ಎರಡನೇ ಹಾಡಿನ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಅನ್ನು ಮೊದಲು ಅರ್ಧ ವೇಗದಲ್ಲಿ ಕೂರಿಸಿ, ತಾಳ ಎಣಿಸುವ ಮೆಟ್ರೋನೋಮ್ ಹಾಕಿ ಸ್ವಲ್ಪ ಸ್ವಲ್ಪವೇ ಏರಿಸಿ. ಡ್ರಮ್ಸ್ ಕಲಿಯುವವರಿಗೆ ಹೆಲ್ಡರ್ಸ್ ದೊಡ್ಡ ಗುರು, ಆದರೆ ಅವನ ಕೈಯ ವೇಗಕ್ಕೆ ಬೇಗ ಹೋದರೆ ಮಣಿಕಟ್ಟು ನೋಯುತ್ತದೆ, ಸಡಿಲ ಕೈಯಿಂದ ನಿಧಾನ ಹೋಗಿ.

ಆಮೇಲೆ ನಿಮ್ಮದೇ ಒಂದು ಹಾಡು ಬರೆಯಿರಿ. ಮಡಿಕೇರಿ ಬಸ್ ಸ್ಟ್ಯಾಂಡ್ ಬಗ್ಗೆ ಬರೆಯಿರಿ, ವಾರಾಂತ್ಯದ ಟೂರಿಸ್ಟ್ ಗಾಡಿಗಳ ಸಾಲಿನ ಬಗ್ಗೆ, ಹಾಕಿ ಹಬ್ಬದ ಗ್ಯಾಲರಿಯಲ್ಲಿ ಕಂಡ ಮುಖದ ಬಗ್ಗೆ. ಕನ್ನಡ, ಕೊಡವ ತಕ್ಕ್, ಅರೆಭಾಷೆ, ಮನೆಯಲ್ಲಿ ಯಾವುದು ಆಡುತ್ತೀರೋ ಅದರಲ್ಲೇ ಬರೆಯಿರಿ. ಮೂರನೇ ಹಾಡಿನ ಹುಡುಗ ಕೇಳುತ್ತಿರುವುದು ಇದನ್ನೇ ಅಲ್ವಾ.

ಸಿಡಿ, ರೆಕಾರ್ಡ್, ತಂತಿ: ಮಳೆಗಾಲದ ಜೋಪಾನ

ಈ ಆಲ್ಬಂ ಸಿಡಿಯಲ್ಲೂ ವಿನೈಲ್ ರೆಕಾರ್ಡ್‌ನಲ್ಲೂ ಬಂದಿದೆ, ಆನ್‌ಲೈನ್‌ನಲ್ಲಿ ಹುಡುಕಿದರೆ ಸಿಗುತ್ತದೆ. ಕವರ್ ಮೇಲೆ ಸಿಗರೇಟ್ ಸೇದುತ್ತಿರುವ ಹುಡುಗನ ಕಪ್ಪು ಬಿಳುಪು ಫೋಟೊ. ಬ್ಯಾಂಡಿನವನಲ್ಲ, ಅವರ ಗೆಳೆಯ. ರಾತ್ರಿ ಮುಗಿದ ಮುಖ ಹೇಗಿರುತ್ತದೆ ಅಂತ ನೋಡಬೇಕಾದರೆ ಆ ಫೋಟೊ ನೋಡಿ. ದೊಡ್ಡ ಅಳತೆಯಲ್ಲಿ ನೋಡಲಿಕ್ಕಾದರೂ ರೆಕಾರ್ಡ್ ತರಿಸಬಹುದು.

ಆದರೆ ನಮ್ಮಲ್ಲಿ ಜೂನ್ ಬಂದರೆ ಚಪ್ಪಲಿಯಿಂದ ಹಿಡಿದು ಪುಸ್ತಕದವರೆಗೆ ಎಲ್ಲಕ್ಕೂ ಬೂಷ್ಟು. ರೆಕಾರ್ಡ್ ಕವರಿನ ರಟ್ಟಿಗೆ ಅದು ಇನ್ನೂ ಬೇಗ ಹಿಡಿಯುತ್ತದೆ. ನೆಟ್ಟಗೆ ನಿಲ್ಲಿಸಿ ಇಡಿ, ಒಂದರ ಮೇಲೊಂದು ಮಲಗಿಸಬೇಡಿ. ಹೊರ ಗೋಡೆಗೆ ತಾಗಿದ ಕಪಾಟಿನಲ್ಲಿ ಬೇಡ, ಆ ಗೋಡೆಯೇ ಮೊದಲು ತೇವ ಆಗುವುದು. ಅಡುಗೆಮನೆಗೆ ಹತ್ತಿರದ ಒಳ ಕೋಣೆ ಒಳ್ಳೆಯದು. ಮುಚ್ಚಳ ಬಿಗಿಯಾಗಿರುವ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಬಹುದು, ಆದರೆ ಮಳೆ ಬಿಟ್ಟು ಬಿಸಿಲು ಬಂದ ದಿನ ತೆಗೆದು ಗಾಳಿಗೆ ಇಡಿ. ನೇರ ಬಿಸಿಲಿಗೆ ಬೇಡ, ರೆಕಾರ್ಡ್ ಡೊಂಕಾಗುತ್ತದೆ. ಗಿಟಾರ್ ತಂತಿಯನ್ನು ನುಡಿಸಿದ ಮೇಲೆ ಪ್ರತಿ ಸಲ ಒಣ ಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ಕೆಲವೇ ದಿನಗಳಲ್ಲಿ ತುಕ್ಕು.

ಇದಾದ ಮೇಲೆ

ಎರಡನೇ ಆಲ್ಬಂ 'ಫೇವರಿಟ್ ವರ್ಸ್ಟ್ ನೈಟ್‌ಮೇರ್' 2007ರ ಏಪ್ರಿಲ್‌ನಲ್ಲಿ ಬಂತು. ಇನ್ನೂ ವೇಗ, ಇನ್ನೂ ಬಿಗಿ. ಮೊದಲನೆಯದು ಬಾಯಿಗೆ ಬರುವವರೆಗೆ ಅದಕ್ಕೆ ಹೋಗಬೇಡಿ. ಅದಕ್ಕಿಂತ ಮೊದಲು ಬ್ಯಾಂಡ್ ಪುಕ್ಕಟೆ ಹಂಚಿದ ಹಳೆಯ ಡೆಮೊಗಳನ್ನು, ಅಂದರೆ ಆಲ್ಬಂಗೆ ಮೊದಲಿನ ಕಚ್ಚಾ ರೆಕಾರ್ಡಿಂಗ್‌ಗಳನ್ನು, ಹುಡುಕಿ ಕೇಳಿ. ಅಭಿಮಾನಿಗಳು ಅದಕ್ಕೆ 'ಬಿನೀತ್ ದಿ ಬೋರ್ಡ್‌ವಾಕ್' ಅಂತ ಹೆಸರಿಟ್ಟಿದ್ದಾರೆ, ಶೆಫೀಲ್ಡ್‌ನ ಬೋರ್ಡ್‌ವಾಕ್ ಅನ್ನುವ ಸಂಗೀತದ ಜಾಗದಿಂದ ಬಂದ ಹೆಸರು. ಇದೇ ಆಲ್ಬಂನ ಎಷ್ಟೋ ಹಾಡುಗಳು ಅಲ್ಲಿ ಹಸಿಹಸಿಯಾಗಿ ಇವೆ. 'ಮಾರ್ಡಿ ಬಮ್' ಎರಡೂ ಕಡೆ ಇದೆ, ಒಂದರ ಹಿಂದೆ ಒಂದು ಹಾಕಿ ಕೇಳಿ, ಯಾವುದು ಇಷ್ಟ ಆಯಿತು ಅಂತ ಗೆಳೆಯರ ಜೊತೆ ಜಗಳ ಆಡಲು ಒಂದು ಸಂಜೆಗೆ ಅಷ್ಟು ಸಾಕು. ನನ್ನ ಮತ ಆಲ್ಬಂನಲ್ಲಿರುವುದಕ್ಕೆ.